ಆಷಾಢ ಶುಕ್ರವಾರಕ್ಕೆ ಬುಕ್ ಆದ ಮದುವೆ

2019ರ ಮಾರ್ಚ್ 6, ಬುಧವಾರ. ತಿಂಡಿ ಮುಗಿಸಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ. ಮೇಷ್ಟ್ರ ಫೋನ್ ಬಂತು.

"ಏನಪ್ಪಾ, ಆಷಾಢ ಶುಕ್ರವಾರ ಯಾರಪ್ಪಾ ಮದುವೆ ಇಟ್ಕೊಳ್ಳೋದು? ನಿನ್ನ ಕಂಪ್ಯೂಟರ್ ಪಟ್ಟೀಲಿ ಜುಲೈ ಐದಕ್ಕೆ ಮದುವೆ ಅಂತ ಬಂದಿದೆಯಲ್ಲ."

"ಟೈಪ್ ಮಾಡುವಾಗ ಕೈತಪ್ಪಿರಬೇಕು ಮೇಷ್ಟ್ರೇ. ನೋಡ್ತೀನಿ."

ಕೈತಪ್ಪಿದ್ದೇನೋ ನಿಜ. ತಪ್ಪಿದ ಕೈ ನನ್ನದು ಅಂತ ಗೊತ್ತಾಗಲು ಇನ್ನೊಂದು ಗಂಟೆ ಬೇಕಾಯಿತು.

ಮೇಷ್ಟ್ರು ನಿವೃತ್ತ ಶಿಕ್ಷಕರು. ನಮ್ಮ ಕಡೆಯ ಒಂದು ತಾಲ್ಲೂಕು ಊರಿನ ಛತ್ರದ ಉಸ್ತುವಾರಿ ಅವರದು. 2017ರಲ್ಲಿ ಆ ಛತ್ರಕ್ಕೆ ಒಂದು ಸಣ್ಣ ಬುಕಿಂಗ್ ಸೈಟ್ ಮಾಡಿಕೊಟ್ಟಿದ್ದೆ. ಪ್ರೋಗ್ರಾಮ್ ಬರೆಯಲು ಪಿಎಚ್‌ಪಿ ಭಾಷೆ, ಮಾಹಿತಿ ಇಡಲು ಮೈಎಸ್‌ಕ್ಯೂಎಲ್ ಡೇಟಾಬೇಸ್, ವರ್ಷಕ್ಕೆ ಇಷ್ಟು ಅಂತ ಕಟ್ಟುವ ಅಗ್ಗದ ಹೋಸ್ಟಿಂಗ್. ಕೌಂಟರಿನಲ್ಲಿ ಕೂರುವ ಹುಡುಗಿ ಫಾರಂ ತುಂಬುತ್ತಾಳೆ. ಹೆಸರು, ಫೋನ್ ನಂಬರ್, ಕಾರ್ಯಕ್ರಮ, ದಿನಾಂಕ, ಮುಂಗಡ. ಆ ದಿನ ಖಾಲಿ ಇದ್ದರೆ ರಸೀದಿ ಬರುತ್ತದೆ, ಪಾರ್ಟಿಯವರ ಮೊಬೈಲಿಗೆ ಎಸ್‌ಎಂಎಸ್ ಹೋಗುತ್ತದೆ. ಖಾಲಿ ಇಲ್ಲದಿದ್ದರೆ "ಈ ದಿನ ಈಗಾಗಲೇ ಬುಕ್ ಆಗಿದೆ" ಅನ್ನುತ್ತದೆ. ಒಂದೂವರೆ ವರ್ಷ ಯಾರೂ ಒಂದು ಮಾತು ಆಡಿರಲಿಲ್ಲ. ಇಂಥ ಕೆಲಸಕ್ಕೆ ಅದಕ್ಕಿಂತ ದೊಡ್ಡ ಹೊಗಳಿಕೆ ಸಿಗುವುದಿಲ್ಲ.

ಹಾಗಾದರೆ ಇದ್ದಕ್ಕಿದ್ದಂತೆ ಏನಾಯಿತು?

ಫೆಬ್ರವರಿ 11ಕ್ಕೆ ಹಿಂದೆ ಹೋಗಬೇಕು. ಅವತ್ತು ಛತ್ರದ ಖಜಾಂಚಿ ಫೋನ್ ಮಾಡಿದ್ದರು. ಅಚ್ಚು ಹಾಕಿಸಿದ ರಸೀದಿ ಪುಸ್ತಕದಲ್ಲಿ ದಿನಾಂಕದ ನಡುವೆ ಓರೆಗೆರೆ ಇದೆ, ಕಂಪ್ಯೂಟರಿನಲ್ಲಿ ಅಡ್ಡಗೆರೆ ಬರುತ್ತದೆ, ಎರಡೂ ಒಂದೇ ಥರ ಇರಲಿ ಅಂದರು. ಅಂದರೆ 07-05-2019 ಬದಲು 07/05/2019. ಒಂದು ಗೀಟು ತಾನೆ! ಫಾರಂನಲ್ಲಿ ಜೆಕ್ವೆರಿ ಯುಐ ಅನ್ನುವ ಸಿದ್ಧ ಕೋಡ್‌ನ ಕ್ಯಾಲೆಂಡರ್ ಇತ್ತು. ಅದರ ಫಾರ್ಮ್ಯಾಟ್ ಸಾಲಿನಲ್ಲಿ ಅಡ್ಡಗೆರೆ ಅಳಿಸಿ ಓರೆಗೆರೆ ಹಾಕಿದೆ. ಸುಮ್ನೆ ಒಂದು ಸಲ ನೋಡೋಣ ಅಂತ, ಬೆರಳಿಗೆ ಸುಲಭ ಆಗಲಿ ಅಂತ, 04/04/2019 ಹಾಕಿ ಕಳಿಸಿದೆ. ಡೇಟಾಬೇಸ್‌ನಲ್ಲಿ 2019-04-04 ಅಂತ ಚೆನ್ನಾಗಿ ಕೂತಿತ್ತು. ಆ ಸಾಲು ಅಳಿಸಿ, ಖಜಾಂಚಿಗೆ "ಆಯ್ತು ಸಾರ್" ಅಂತ ಮೆಸೇಜ್ ಹಾಕಿ ಕಾಫಿಗೆ ಎದ್ದೆ.

ಗೀಟು ಬದಲಾದರೆ ದೇಶ ಬದಲಾಗುತ್ತದೆ

ಫಾರಂನಿಂದ ಬರುವುದು ದಿನಾಂಕ ಅಲ್ಲ, ಬರೀ ಅಕ್ಷರಗಳು. ಸೊನ್ನೆ, ಏಳು, ಗೀಟು, ಸೊನ್ನೆ, ಐದು, ಗೀಟು, ಹೀಗೆ ಹತ್ತು ಅಕ್ಷರ. ಅದನ್ನು ದಿನಾಂಕ ಮಾಡಲು ನಾನು ಪಿಎಚ್‌ಪಿಯ ಸ್ಟ್ರ್‌ಟುಟೈಮ್ ಬಳಸಿದ್ದೆ. ಯಾವ ಥರದ ದಿನಾಂಕ ಕೊಟ್ಟರೂ ಊಹಿಸಿ ಅರ್ಥ ಮಾಡಿಕೊಳ್ಳುವ ಫಂಕ್ಷನ್ ಅದು. ಇಂಗ್ಲಿಷಿನಲ್ಲಿ "ಮುಂದಿನ ಗುರುವಾರ" ಅಂತ ಬರೆದರೂ ತಿಳಿಯುತ್ತದೆ. ಆಗ ಅದನ್ನು ಬಹಳ ಜಾಣ ಅಂದುಕೊಂಡಿದ್ದೆ.

ಅದರ ಊಹೆಗೆ ಒಂದು ನಿಯಮ ಇದೆ. ಪಿಎಚ್‌ಪಿಯ ಕೈಪಿಡಿಯಲ್ಲೇ ಬರೆದಿದ್ದಾರೆ. ಮೂರು ಅಂಕಿಗಳ ನಡುವೆ ಓರೆಗೆರೆ ಇದ್ದರೆ ಅದು ಅಮೆರಿಕದ ಪದ್ಧತಿ, ಅಂದರೆ ಮೊದಲು ತಿಂಗಳು, ಆಮೇಲೆ ದಿನ. ಅಡ್ಡಗೆರೆ ಅಥವಾ ಚುಕ್ಕಿ ಇದ್ದರೆ ಯುರೋಪಿನ ಪದ್ಧತಿ, ಮೊದಲು ದಿನ, ಆಮೇಲೆ ತಿಂಗಳು. ನಾವು ಮೊದಲಿಂದ ದಿನವನ್ನೇ ಮುಂದೆ ಬರೆಯುವವರು. ಅಡ್ಡಗೆರೆ ಇದ್ದಷ್ಟು ದಿನ ಅದೃಷ್ಟಕ್ಕೆ ಸರಿ ಹೋಗಿತ್ತು. ನಾನು ಗೀಟು ಬದಲಿಸಿದ ದಿನದಿಂದ ಛತ್ರದ ಬುಕಿಂಗ್ ಅಮೆರಿಕಕ್ಕೆ ಹೋಗಿಬಿಟ್ಟಿತು.

ಹಾಗಾಗಿ ಮೇ 7 ಜುಲೈ 5 ಆಯಿತು. 2019ರ ಮೇ 7 ಅಕ್ಷಯ ತೃತೀಯ, ಬಸವ ಜಯಂತಿ. ಛತ್ರ ಸಿಗುವುದೇ ಕಷ್ಟದ ದಿನ. ಆ ವರ್ಷದ ಜುಲೈ 5 ಆಷಾಢದ ಶುಕ್ರವಾರ. ನಮ್ಮ ಕಡೆ ಜನ ಚಾಮುಂಡಿ ಬೆಟ್ಟ ಹತ್ತುವ ದಿನ, ಮದುವೆ ಮಾಡುವ ದಿನವಲ್ಲ. ಯಾವ ಪ್ರೋಗ್ರಾಮ್‌ಗೂ ಹೊಳೆಯದ ತಪ್ಪು ಮೇಷ್ಟ್ರಿಗೆ ಪಟ್ಟಿ ಕಂಡ ತಕ್ಷಣ ಹೊಳೆದದ್ದು ಇದಕ್ಕೇ.

ದಿನ 12ಕ್ಕಿಂತ ಜಾಸ್ತಿ ಇದ್ದರೆ? ಹದಿಮೂರನೇ ತಿಂಗಳು ಇಲ್ಲವಲ್ಲ. ಆಗ ಸ್ಟ್ರ್‌ಟುಟೈಮ್ ಕೈಚೆಲ್ಲಿ "ಫಾಲ್ಸ್" ಅನ್ನುತ್ತದೆ. ನಾನು ಅದನ್ನು ನೋಡದೆ ನೇರ ಡೇಟ್ ಫಂಕ್ಷನ್‌ಗೆ ದಾಟಿಸಿದ್ದೆ. ಅದು ಫಾಲ್ಸ್ ಅನ್ನು ಸೊನ್ನೆ ಅಂತ ತಗೊಳ್ಳುತ್ತದೆ. ಕಂಪ್ಯೂಟರಿನ ಲೆಕ್ಕದಲ್ಲಿ ಸೊನ್ನೆ ಅಂದರೆ 1970ರ ಜನವರಿ 1, ಯುನಿಕ್ಸ್ ಕಾಲ ಶುರುವಾಗುವ ದಿನ. ಏಪ್ರಿಲ್ 22ಕ್ಕೆ ಅಂತ ಬಂದ ಒಂದು ನಿಶ್ಚಿತಾರ್ಥ ಹೀಗೆ 1970ಕ್ಕೆ ಬುಕ್ ಆಗಿ ಕೂತಿತ್ತು. ಎಲ್ಲಾದರೂ ಸೈಟ್‌ನಲ್ಲಿ 01-01-1970 ಅಂತ ಕಂಡರೆ, ಅಲ್ಲಿ ಯಾರೋ ನನ್ನಂಥವರು ಫಾಲ್ಸ್ ನೋಡದೆ ಬಿಟ್ಟಿರುವ ಸಾಧ್ಯತೆ ಜಾಸ್ತಿ.

ಒಂದು ಸಣ್ಣ ಲೆಕ್ಕ ಹಾಕಿ ನೋಡಿದೆ. 365 ದಿನಗಳಲ್ಲಿ ದಿನ ಮತ್ತು ತಿಂಗಳು ಎರಡೂ 12ರ ಒಳಗಿರುವುವು 144. ಅವುಗಳಲ್ಲಿ 12 ದಿನ, ಅಂದರೆ 01/01, 02/02 ಥರದವು, ತಿರುಗಿಸಿದರೂ ಅದೇ. ಉಳಿದ 132 ದಿನ ಸದ್ದಿಲ್ಲದೆ ಅದಲುಬದಲು. ಮಿಕ್ಕ 221 ದಿನ ನೇರ 1970ಕ್ಕೆ. ವರ್ಷದಲ್ಲಿ ಬರೀ 12 ದಿನ ಸರಿಯಾಗಿ ಕೂರುತ್ತವೆ. ನಾನು ಪರೀಕ್ಷೆಗೆ ಆರಿಸಿಕೊಂಡ 04/04 ಆ ಹನ್ನೆರಡರಲ್ಲಿ ಒಂದು. ನನ್ನ ಅದೃಷ್ಟಕ್ಕೆ ಏನು ಹೇಳೋಣ.

ಮೂರು ವಾರ ಯಾಕೆ ಗೊತ್ತಾಗಲಿಲ್ಲ

ನನಗೆ ಜಾಸ್ತಿ ನಾಚಿಕೆ ತರಿಸಿದ್ದು ಈ ಭಾಗ.

ರಸೀದಿಯಲ್ಲೂ ಎಸ್‌ಎಂಎಸ್‌ನಲ್ಲೂ ನಾನು ಅಚ್ಚು ಮಾಡುತ್ತಿದ್ದದ್ದು ಫಾರಂನಿಂದ ಬಂದ ಅಕ್ಷರಗಳನ್ನೇ, ಡೇಟಾಬೇಸ್‌ನಲ್ಲಿ ಕೂತ ದಿನಾಂಕವನ್ನಲ್ಲ. ಹುಡುಗಿ 07/05/2019 ಹಾಕಿದಳು, ರಸೀದಿಯಲ್ಲಿ 07/05/2019 ಬಂತು, ಪಾರ್ಟಿಯವರ ಮೊಬೈಲಿಗೂ ಅದೇ ಹೋಯಿತು. ಎಲ್ಲರಿಗೂ ಎಲ್ಲ ಸರಿಯಾಗೇ ಕಂಡಿತು. ಒಳಗೆ ಮಾತ್ರ ಜುಲೈ.

ಇನ್ನೊಂದು, ಬುಕಿಂಗ್ ಪಟ್ಟಿ ಇವತ್ತಿನಿಂದ ಮುಂದಿನ ದಿನಗಳನ್ನಷ್ಟೇ ತೋರಿಸುತ್ತಿತ್ತು. 1970 ಅಲ್ಲಿ ಬರುವ ಮಾತೇ ಇಲ್ಲ. ಜೂನ್ 2ರ ಒಂದು ಕಾರ್ಯಕ್ರಮ ಫೆಬ್ರವರಿ 6 ಆಗಿ, ಬುಕ್ ಮಾಡುವಾಗಲೇ ಕಳೆದುಹೋದ ದಿನವಾಗಿತ್ತು. ಅದೂ ಕಾಣಲಿಲ್ಲ. ಕಳೆದ ದಿನಕ್ಕೆ ಬುಕಿಂಗ್ ಬಂದರೆ ತಡೆಯಬೇಕು ಅಂತ ನನಗೆ ಹೊಳೆದಿರಲೇ ಇಲ್ಲ. ಕ್ಯಾಲೆಂಡರಿನಲ್ಲಿ ಹಿಂದಿನ ದಿನ ಒತ್ತಲು ಆಗುವುದಿಲ್ಲವಲ್ಲ, ಇನ್ನೇಕೆ ಅಂದುಕೊಂಡಿದ್ದೆ.

ಒಂದು ಸುಳಿವು ಮಾತ್ರ ಇತ್ತು. ದಿನಾಂಕದ ಕಾಲಮ್‌ಗೆ ಯುನೀಕ್ ಕೀ ಹಾಕಿದ್ದೆ, ಒಂದು ದಿನಕ್ಕೆ ಒಂದೇ ಬುಕಿಂಗ್. ಏಪ್ರಿಲ್ 22ರವರು 1970ರ ಜನವರಿ 1ನ್ನು ಹಿಡಿದು ಕೂತ ಮೇಲೆ, 13ರಿಂದ 31ರ ಒಳಗಿನ ಯಾವ ದಿನ ಕೇಳಿದರೂ ಫಾರಂ ಹೇಳುವುದು ಒಂದೇ ಮಾತು, ಈಗಾಗಲೇ ಬುಕ್ ಆಗಿದೆ. ಹುಡುಗಿ "ಸೀಸನ್ ಅಲ್ವಾ ಸಾರ್, ತಿಂಗಳ ಕೊನೆ ಎಲ್ಲ ಫುಲ್" ಅಂತ ಬಂದವರನ್ನು ವಾಪಸ್ ಕಳಿಸುತ್ತಿದ್ದಳು. ಆಮೇಲೆ ಸರ್ವರ್ ಲಾಗ್ ತೆಗೆದು ಎಣಿಸಿದೆ. ಫಾರಂ ಕಳಿಸಿ, ರಸೀದಿ ಪುಟಕ್ಕೆ ಹೋಗದೆ ನಿಂತದ್ದು 14 ಸಲ. ಯಾವ ಯಾವ ದಿನ ಕೇಳಿದ್ದರು ಅಂತ ಲಾಗ್ ಹೇಳುವುದಿಲ್ಲ, ಅದರಲ್ಲಿ ಪುಟದ ವಿಳಾಸ ಮಾತ್ರ ಇರುತ್ತದೆ. ಖಾಲಿ ಛತ್ರ ಇಟ್ಟುಕೊಂಡು ಹದಿನಾಲ್ಕು ಸಲದವರೆಗೂ ಇಲ್ಲ ಅಂದಿರಬಹುದು.

ಮೇಷ್ಟ್ರು ಇದ್ದಿದ್ದರೆ ಮೊದಲ ವಾರವೇ ಹಿಡಿಯುತ್ತಿದ್ದರು. ಅವರು ಕಂಪ್ಯೂಟರಿನ ಜೊತೆ ಒಂದು ಡೈರಿಯನ್ನೂ ಇಟ್ಟಿದ್ದಾರೆ. ಆದರೆ ಆ ಮೂರು ವಾರ ಮಗಳ ಬಾಣಂತನಕ್ಕೆ ಅಂತ ದಂಪತಿ ಬೇರೆ ಊರಿನಲ್ಲಿದ್ದರು.

ಸರಿ ಮಾಡಲು ಹೋದಾಗ

ಮೊದಲು ಬ್ಯಾಕಪ್ ತೆಗೆದೆ. ಆಮೇಲೆ ಫೆಬ್ರವರಿ 11ರ ಮಧ್ಯಾಹ್ನದ ನಂತರ ಬಂದ ಸಾಲುಗಳನ್ನು ಮಾತ್ರ ಬೇರೆ ಮಾಡಿದೆ. ಸಾಲು ಯಾವಾಗ ಸೇರಿತು ಅನ್ನುವ ಕಾಲಮ್ ಒಂದು ಇದ್ದದ್ದರಿಂದ ಬಚಾವ್. ಅದಿಲ್ಲದಿದ್ದರೆ 2019-08-05 ಅನ್ನುವುದು ನಿಜಕ್ಕೂ ಆಗಸ್ಟ್ 5ನೋ ಅಥವಾ ಮೇ 8 ತಿರುಗಿ ಬಂದದ್ದೋ ಅಂತ ಹೇಳಲು ದಾರಿಯೇ ಇರುತ್ತಿರಲಿಲ್ಲ. ಎರಡೂ ಒಪ್ಪುವ ದಿನಾಂಕಗಳೇ ತಾನೆ.

ಸಿಕ್ಕಿದ್ದು ಎಂಟು ಸಾಲು. ಆರು ಅದಲುಬದಲಾದವು, ಒಂದು 1970, ಒಂದು 05/05 ಆದ್ದರಿಂದ ಸರಿಯಾಗೇ ಇತ್ತು. ಎಸ್‌ಎಂಎಸ್ ಕಂಪನಿಯ ವರದಿ ಇಳಿಸಿಕೊಂಡು ಪ್ರತಿ ಸಾಲನ್ನೂ ಫೋನ್ ನಂಬರ್ ಹಿಡಿದು ತಾಳೆ ನೋಡಿದೆ. ಟೈಪ್ ಆದ ಅಕ್ಷರಗಳು ಅಲ್ಲಿ ಹಾಗೇ ಇದ್ದವು. ತಿರುಗಿದ ದಿನಾಂಕವನ್ನು ವಾಪಸ್ ತಿರುಗಿಸಬಹುದು, 1970 ಆದದ್ದನ್ನು ಡೇಟಾಬೇಸ್ ಒಳಗಿನಿಂದ ಯಾರೂ ತಿರುಗಿಸಲಾರರು. ಅದರಲ್ಲಿ ಏಪ್ರಿಲ್ 22ರ ಒಂದು ಗುರುತೂ ಉಳಿದಿರಲಿಲ್ಲ. ಎಸ್‌ಎಂಎಸ್ ಇರದಿದ್ದರೆ ರಸೀದಿಯ ಕಾರ್ಬನ್ ಪ್ರತಿ ಹುಡುಕಬೇಕಿತ್ತು.

ಎಂಟು ಸಾಲಿಗೆ ದೊಡ್ಡ ಕ್ವೆರಿ (ಡೇಟಾಬೇಸ್‌ಗೆ ಕೊಡುವ ಆಜ್ಞೆ) ಬೇಡ ಅಂತ ಒಂದೊಂದಾಗಿ ಕೈಯಲ್ಲೇ ತಿದ್ದಿದೆ. ನಿಮ್ಮ ಹತ್ತಿರ ಎಂಟು ಸಾವಿರ ಇದ್ದರೆ ಕ್ವೆರಿ ಬರೆಯಲೇಬೇಕು. ಆಗ ಹಳೆಯ ಕಾಲಮ್ ಮುಟ್ಟದೆ, ಸರಿಯಾದ ದಿನಾಂಕವನ್ನು ಹೊಸ ಕಾಲಮ್‌ಗೆ ಬರೆಯಿರಿ. ತಿರುಗಿಸುವ ಕ್ವೆರಿಯನ್ನು ತಪ್ಪಿ ಎರಡು ಸಲ ಓಡಿಸಿದರೆ ಎಲ್ಲ ಮತ್ತೆ ಮೊದಲಿನಂತೆ ಕೆಡುತ್ತದೆ, ಕೆಟ್ಟದ್ದೂ ಗೊತ್ತಾಗುವುದಿಲ್ಲ.

ಮಾರ್ಚ್ 10ರ ನಾಮಕರಣ ಅಕ್ಟೋಬರ್ 3 ಆಗಿ ಕೂತಿತ್ತು. ನಾಲ್ಕೇ ದಿನ ಉಳಿದಿತ್ತು. ಛತ್ರ ಗುಡಿಸುವವರಿಗೆ, ಜನರೇಟರ್‌ನವರಿಗೆ ಈ ಪಟ್ಟಿಯಿಂದಲೇ ಹೇಳಿ ಕಳಿಸುವುದು. ಆ ಭಾನುವಾರ ಬೀಗ ತೆಗೆಯುವವರೂ ಇರುತ್ತಿರಲಿಲ್ಲ. ಅದನ್ನು ಮೊದಲು ತಿದ್ದಿದೆ.

ಕೊನೆಗೆ ಜುಲೈ 5ನ್ನು ಮೇ 7 ಮಾಡಲು ಎಂಟರ್ ಒತ್ತಿದೆ. ಮೈಎಸ್‌ಕ್ಯೂಎಲ್ ಒಪ್ಪಲಿಲ್ಲ. ಎರರ್ 1062, ಡುಪ್ಲಿಕೇಟ್ ಎಂಟ್ರಿ.

ಎರಡು ಸಲ ಓದಿದೆ. ಆಮೇಲೆ ಹೊಟ್ಟೆಯೊಳಗೆ ಏನೋ ಕದಲಿದಂತಾಯಿತು. ಮೇ 7ಕ್ಕೆ ಇನ್ನೊಂದು ಮದುವೆ ಡಿಸೆಂಬರಿನಲ್ಲೇ, ಅಡ್ಡಗೆರೆಯ ಕಾಲದಲ್ಲೇ, ಸರಿಯಾಗಿ ಬುಕ್ ಆಗಿತ್ತು. ಫೆಬ್ರವರಿಯಲ್ಲಿ ಎರಡನೇ ಪಾರ್ಟಿ ಬಂದಾಗ ಫಾರಂ ಮೇ 7 ಖಾಲಿ ಇದೆಯಾ ಅಂತ ನೋಡಲೇ ಇಲ್ಲ. ಜುಲೈ 5 ಖಾಲಿ ಇದೆಯಾ ಅಂತ ನೋಡಿ, ಇದೆ ಅಂತ ರಸೀದಿ ಕೊಟ್ಟಿತು. ಫಾರಂ ತಡೆಯದಿದ್ದರೆ ಖಾಲಿ ಇದೆ ಅಂತಲೇ ಅರ್ಥ ಅಂತ ಆ ಹುಡುಗಿಗೆ ಹೇಳಿಕೊಟ್ಟವನು ನಾನೇ.

ಅಕ್ಷಯ ತೃತೀಯಕ್ಕೆ ಎರಡು ಮದುವೆ, ಒಂದು ಛತ್ರ.

ಮೇಷ್ಟ್ರು ಕೂಗಾಡಲಿಲ್ಲ. "ಪತ್ರಿಕೆ ಅಚ್ಚಾಗಿದೆಯಾ ಕೇಳೋಣ ಇರು" ಅಂದರು ಅಷ್ಟೆ. ಎರಡನೇ ಮನೆಯವರ ಲಗ್ನಪತ್ರಿಕೆ ಇನ್ನೂ ಪ್ರೆಸ್ಸಿಗೆ ಹೋಗಿರಲಿಲ್ಲ. ಅದೇ ಊರಿನ ಇನ್ನೊಂದು ಸಮುದಾಯ ಭವನ ಸಿಕ್ಕಿತು. ಬಾಡಿಗೆ ಜಾಸ್ತಿ. ಹೆಚ್ಚಿನ ಹಣದಲ್ಲಿ ಅರ್ಧ ಛತ್ರದವರು ಕೊಟ್ಟರು, ಅರ್ಧ ನಾನು ಕೊಟ್ಟೆ. ಹೆಣ್ಣಿನ ತಂದೆ ನನ್ನ ಮುಖ ನೋಡಿ ಕೇಳಿದ್ದು ಒಂದೇ ಮಾತು. "ರಸೀದೀಲಿ ಸರಿಯಾಗೇ ಇತ್ತಲ್ಲಪ್ಪ?" ಹೌದು, ರಸೀದಿಯಲ್ಲಿ ಸರಿಯಾಗೇ ಇತ್ತು.

ಈಗ ಹೇಗಿದೆ

ಊಹಿಸುವ ಫಂಕ್ಷನ್ ತೆಗೆದು ಹಾಕಿದೆ. ಫಾರಂ ಬರೆದವನು ನಾನು, ಯಾವ ಅಂಕಿ ದಿನ, ಯಾವುದು ತಿಂಗಳು ಅಂತ ನನಗೆ ಗೊತ್ತು. ಗೊತ್ತಿರುವುದನ್ನು ಯಂತ್ರದ ಕೈಯಲ್ಲಿ ಊಹೆ ಮಾಡಿಸಿದ್ದೇ ಮೂಲ ತಪ್ಪು. ಈಗ ಪಿಎಚ್‌ಪಿಯದೇ ಕ್ರಿಯೇಟ್‌ಫ್ರಮ್‌ಫಾರ್ಮ್ಯಾಟ್ ಅನ್ನುವ ಫಂಕ್ಷನ್ ಬಳಸಿ "ದಿನ, ತಿಂಗಳು, ನಾಲ್ಕಂಕಿಯ ವರ್ಷ, ಈ ಕ್ರಮದಲ್ಲಿ ಮಾತ್ರ" ಅಂತ ಹೇಳುತ್ತೇನೆ. ಬೇರೆ ಥರ ಬಂದರೆ ಬೇಡ ಅನ್ನುತ್ತದೆ.

ಅದಕ್ಕೂ ತನ್ನದೇ ಚಾಳಿಗಳಿವೆ. 31/02/2019 ಕೊಟ್ಟರೆ ಬೇಡ ಅನ್ನದೆ ಮಾರ್ಚ್ 3ಕ್ಕೆ ಉರುಳಿಸುತ್ತದೆ. ಎರರ್ ಕೊಡುವುದಿಲ್ಲ, ವಾರ್ನಿಂಗ್ ಒಂದನ್ನು ಬದಿಗೆ ಇಡುತ್ತದೆ. ಆ ವಾರ್ನಿಂಗ್ ಎಣಿಕೆ ಸೊನ್ನೆ ಇದೆಯಾ ಅಂತ ನಾವೇ ಕೇಳಬೇಕು. ಆಗಿನ ಪಿಎಚ್‌ಪಿ ಆವೃತ್ತಿಗಳಲ್ಲಿ, ನಾಲ್ಕಂಕಿಯ ವರ್ಷ ಅಂದರೂ 19 ಅಂತ ಎರಡೇ ಅಂಕಿ ಕೊಟ್ಟರೆ ಕ್ರಿಸ್ತ ಶಕ 19 ಅಂತ ನಂಬುತ್ತಿತ್ತು. ಫಾರ್ಮ್ಯಾಟಿನ ಮುಂದೆ ಒಂದು ಉದ್ಗಾರ ಚಿಹ್ನೆ ಹಾಕದಿದ್ದರೆ ಈ ಕ್ಷಣದ ಗಂಟೆ ನಿಮಿಷವನ್ನೂ ದಿನಾಂಕದ ಜೊತೆ ಅಂಟಿಸಿ ಕೊಡುತ್ತದೆ, ಆಮೇಲೆ ಎರಡು ದಿನಾಂಕ ಹೋಲಿಸುವಾಗ ತಲೆಕೆಡುತ್ತದೆ. ಆದ್ದರಿಂದ ಕೊನೆಯಲ್ಲಿ ಒಂದು ಬೇಲಿ ಹಾಕಿದ್ದೇನೆ. ಇವತ್ತಿಗಿಂತ ಹಿಂದೆ ಬೇಡ, ಹದಿನೆಂಟು ತಿಂಗಳಿಗಿಂತ ಮುಂದೆ ಬೇಡ. ಛತ್ರಕ್ಕೆ ಅಷ್ಟು ಸಾಕು. ಹುಟ್ಟಿದ ದಿನಾಂಕದ ಫಾರಂ ಆಗಿದ್ದರೆ ಬೇಲಿ ಬೇರೆ ಇರುತ್ತಿತ್ತು.

ಡೇಟಾಬೇಸ್ ಯಾಕೆ ತಡೆಯಲಿಲ್ಲ ಅಂತ ಗೆಳೆಯನೊಬ್ಬ ಕೇಳಿದ. ಕಾಲಮ್ ಡೇಟ್ ವಿಧದ್ದೇ ಆಗಿತ್ತು, ತಪ್ಪು ಮಾಹಿತಿ ಬಂದರೆ ಒಪ್ಪದ ಸ್ಟ್ರಿಕ್ಟ್ ಮೋಡ್ ಕೂಡ ಇತ್ತು. 5.7ನೇ ಆವೃತ್ತಿಯಿಂದ ಮೈಎಸ್‌ಕ್ಯೂಎಲ್‌ನಲ್ಲಿ ಅದು ತಾನಾಗೇ ಇರುತ್ತದೆ. ಆದರೆ 1970-01-01 ಒಪ್ಪಾದ ದಿನಾಂಕ. ಅದನ್ನು ಯಾಕೆ ತಡೆಯಬೇಕು? ಇಂಥ ದಿನಾಂಕ ಮಾತ್ರ ಬರಲಿ ಅಂತ ಡೇಟಾಬೇಸ್‌ನಲ್ಲೇ ಚೆಕ್ ನಿಯಮ ಬರೆದಿದ್ದರೂ ಆಗ ಉಪಯೋಗ ಇರಲಿಲ್ಲ. 8.0.16ಕ್ಕೆ ಮುಂಚೆ ಮೈಎಸ್‌ಕ್ಯೂಎಲ್ ಅದನ್ನು ಓದಿ, ತಲೆಯಾಡಿಸಿ, ಮರೆತುಬಿಡುತ್ತಿತ್ತು. ಈಗ ಹೊಸ ಆವೃತ್ತಿ ಇದೆ, 2017ಕ್ಕಿಂತ ಹಿಂದಿನ ದಿನಾಂಕ ಬೇಡ ಅನ್ನುವ ಚೆಕ್ ಹಾಕಿದ್ದೇನೆ. ಈ ಗೋಳೇ ಬೇಡ ಅಂತ ದಿನಾಂಕವನ್ನು ವಾರ್‌ಚಾರ್, ಅಂದರೆ ಬರೀ ಅಕ್ಷರ ಇಡುವ, ಕಾಲಮ್‌ನಲ್ಲಿ ಬಂದಂತೆ ಇಡುವವರೂ ಇದ್ದಾರೆ. ಆಗ 02/06 ಅನ್ನುವುದು 10/03ಕ್ಕಿಂತ ಮುಂಚೆ ಬರುತ್ತದೆ, ಜೂನ್ ಮಾರ್ಚ್‌ಗಿಂತ ಮೊದಲು. ವರ್ಷ, ತಿಂಗಳು, ದಿನ ಅಂತ ದೊಡ್ಡದರಿಂದ ಚಿಕ್ಕದಕ್ಕೆ ಇಡುವ ಐಎಸ್‌ಒ 8601 ಕ್ರಮ 1988ರಿಂದ ಇರುವುದು ಸುಮ್ನೆ ಅಲ್ಲ.

ಫಾರಂ ಬಗ್ಗೆ ಸ್ವಲ್ಪ ಯೋಚಿಸಬೇಕಾಯಿತು. ಎಚ್‌ಟಿಎಂಎಲ್‌ನಲ್ಲೇ ಡೇಟ್ ಇನ್‌ಪುಟ್ ಇದೆ. ತೆರೆಯ ಮೇಲೆ ಹೇಗೇ ಕಂಡರೂ ಸರ್ವರಿಗೆ ಬರುವುದು 2019-05-07 ಥರವೇ. ಒಳ್ಳೆಯದು. ಆದರೆ ಕೌಂಟರಿನ ಕಂಪ್ಯೂಟರಿನಲ್ಲಿ ಕ್ರೋಮ್‌ನ ಭಾಷೆ ಅಮೆರಿಕನ್ ಇಂಗ್ಲಿಷ್ ಆಗಿತ್ತು. ತಿಂಗಳ ಪೆಟ್ಟಿಗೆ ಮುಂದೆ, ದಿನದ್ದು ಹಿಂದೆ. ಹುಡುಗಿ ಅಭ್ಯಾಸದಂತೆ ಮೊದಲು 07 ಒತ್ತಿದರೆ ಮುಗಿಯಿತು ಕಥೆ. ಖಜಾಂಚಿಯ ಮಗನ ಮ್ಯಾಕ್‌ನ ಸಫಾರಿಯಲ್ಲಿ ಆಗ ಅದು ಬರೀ ಖಾಲಿ ಪೆಟ್ಟಿಗೆ, ಏನು ಬೇಕಾದರೂ ಬರೆಯಬಹುದು.

ಹೊಸ ಕ್ಯಾಲೆಂಡರ್ ನಾನೇ ಬರೆಯುತ್ತೇನೆ ಅಂತ ಹೋಗಿ ಇನ್ನೊಂದು ಹಳ್ಳಕ್ಕೂ ಬಿದ್ದೆ. ಜಾವಾಸ್ಕ್ರಿಪ್ಟ್‌ನಲ್ಲಿ ಆರಿಸಿದ ದಿನವನ್ನು ಟುಐಎಸ್‌ಒಸ್ಟ್ರಿಂಗ್‌ನಿಂದ ಅಕ್ಷರ ಮಾಡಿದೆ. ಮೇ 7 ಒತ್ತಿದರೆ ಮೇ 6 ಹೋಗುತ್ತಿತ್ತು. ಆ ಫಂಕ್ಷನ್ ಬರೆಯುವುದು ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯದ ಲೆಕ್ಕದಲ್ಲಿ. ನಮ್ಮ ಮೇ 7ರ ಮಧ್ಯರಾತ್ರಿ ಅಂದರೆ ಅಲ್ಲಿ ಇನ್ನೂ ಮೇ 6ರ ಸಂಜೆ ಆರೂವರೆ. ಐದೂವರೆ ಗಂಟೆಯ ವ್ಯತ್ಯಾಸ ಇಡೀ ಒಂದು ದಿನವನ್ನು ತಿಂದುಬಿಟ್ಟಿತು. ಪುಣ್ಯಕ್ಕೆ ಇದು ನನ್ನ ಮನೆಯಲ್ಲೇ ಸಿಕ್ಕಿತು. ಈಗ ದಿನ, ತಿಂಗಳು, ವರ್ಷ ಬೇರೆ ಬೇರೆ ತೆಗೆದು ಕಳಿಸುತ್ತೇನೆ. ಮದುವೆಯ ದಿನಕ್ಕೆ ಟೈಮ್‌ಝೋನ್ ಯಾಕೆ ಬೇಕು ಹೇಳಿ.

ಕಡೆಗೆ ಮೂರು ಪಟ್ಟಿಗಳನ್ನಿಟ್ಟೆ. ದಿನಕ್ಕೆ ಒಂದು, ತಿಂಗಳಿಗೆ ಒಂದು, ವರ್ಷಕ್ಕೆ ಒಂದು. ತಿಂಗಳಿಗೆ ಅಂಕಿ ಇಲ್ಲ, "ಮೇ" ಅಂತ ಹೆಸರೇ ಇದೆ. ನೋಡಲು ಹಳೇ ಕಾಲದ್ದು, ಆದರೆ ಏಳನೇ ತಿಂಗಳೋ ಏಳನೇ ದಿನವೋ ಅನ್ನುವ ಪ್ರಶ್ನೆಯೇ ಏಳುವುದಿಲ್ಲ. ರಸೀದಿಗೆ ಮುಂಚೆ, ಡೇಟಾಬೇಸ್‌ನಲ್ಲಿ ಕೂತದ್ದನ್ನು ವಾಪಸ್ ಓದಿ, "ಮಂಗಳವಾರ, 7 ಮೇ 2019" ಅಂತ ದೊಡ್ಡದಾಗಿ ತೋರಿಸುತ್ತದೆ. ವಾರ ಸೇರಿಸಿದ್ದು ಮೇಷ್ಟ್ರ ಸಲಹೆ. ದಿನಾಂಕ ಮರೆತರೂ ಮದುವೆ ಯಾವ ವಾರ ಅಂತ ಯಾರೂ ಮರೆಯುವುದಿಲ್ಲ ಅಂದರು. ರಸೀದಿ, ಎಸ್‌ಎಂಎಸ್ ಎರಡಕ್ಕೂ ಈಗ ಮೂಲ ಡೇಟಾಬೇಸ್.

ಆಮೇಲೆ ಸಾರ್ವಜನಿಕರೇ ಮೊಬೈಲಿನಲ್ಲಿ ದಿನ ಕೇಳುವ ಸಣ್ಣ ಪೆಟ್ಟಿಗೆ ಒಂದನ್ನು ಸೇರಿಸಿದೆವು. ಅಲ್ಲಿ ಟೈಪ್ ಮಾಡಬಹುದು. ಮೊದಲ ವಾರವೇ ಯಾರೋ ೧೨/೦೬/೨೦೧೯ ಅಂತ ಕನ್ನಡ ಅಂಕಿಯಲ್ಲಿ ಹಾಕಿದರು. ಫೋನಿನ ಕನ್ನಡ ಕೀಬೋರ್ಡ್, ಅವರ ತಪ್ಪೇನಿದೆ? ಪಿಎಚ್‌ಪಿಗೆ ಅದು ಅಂಕಿಯೇ ಅಲ್ಲ, "ದಿನಾಂಕ ಸರಿಯಿಲ್ಲ" ಅಂತ ಹಿಂದಕ್ಕೆ ಕಳಿಸಿತು. ಕನ್ನಡದ ಛತ್ರಕ್ಕೆ ಕನ್ನಡದ ಅಂಕಿ ತಪ್ಪು ಅಂದರೆ ಹೇಗೆ? ಹತ್ತು ಅಂಕಿಗಳನ್ನು ಬದಲಿಸುವ ಒಂದು ಸಾಲು ಮೊದಲಿಗೇ ಹಾಕಿದೆ. ಈ ಇಡೀ ಪ್ರಕರಣದಲ್ಲಿ ಖುಷಿಯಿಂದ ಬರೆದ ಸಾಲು ಅದೊಂದೇ.

ಕಳೆದ ವರ್ಷ ಖಜಾಂಚಿ ಮತ್ತೆ ಫೋನ್ ಮಾಡಿದ್ದರು. ಹೊಸ ರಸೀದಿ ಪುಸ್ತಕ ಬಂದಿದೆ, ಅದರಲ್ಲಿ ಚುಕ್ಕಿ ಇದೆ, ಕಂಪ್ಯೂಟರಿನಲ್ಲೂ ಓರೆಗೆರೆ ತೆಗೆದು ಚುಕ್ಕಿ ಇಡೋಣ ಅಂದರು. ರಸೀದಿ ಅಚ್ಚು ಮಾಡುವ ಸಾಲಿನಲ್ಲಿ ಒಂದು ಅಕ್ಷರ ಬದಲಿಸಿದೆ. ಪರೀಕ್ಷೆಗೆ ಮೇ 7 ಹಾಕಿದೆ. ಆಮೇಲೆ ಏಪ್ರಿಲ್ 22. ಆಮೇಲೆ ಫೆಬ್ರವರಿ 31. ಮೂರೂ ನೋಡಿ ಆದ ಮೇಲೆ, ಮೇಷ್ಟ್ರಿಗೂ ಒಂದು ಫೋನ್ ಮಾಡಿದೆ.

"ನಾಳೆ ಪಟ್ಟಿ ಒಂದ್ಸಲ ಕಣ್ಣಾಡಿಸಿಬಿಡಿ ಮೇಷ್ಟ್ರೇ."

"ಪಂಚಾಂಗ ಪಕ್ಕದಲ್ಲೇ ಇದೆ ಬಿಡಪ್ಪ" ಅಂದರು.